ಘಟ್ಟದ ದಾರಿ, ಲಿಸ್ಬನ್ನಿನ ಸಹಿ: ಪೋರ್ಚುಗೀಸ್ ಗೋವಾ ಮತ್ತು ಅದರ ನೆರೆ



ಗೋವಾದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸಮುದ್ರದ ಕಡೆಯಿಂದ ಓದುತ್ತೇವೆ. ಹಡಗು ಬಂತು, ಕೋಟೆ ಎದ್ದಿತು, ಇಗರ್ಜಿ ಎದ್ದಿತು, ವೈಸರಾಯ್ ಬಂದ, ವೈಸರಾಯ್ ಹೋದ. ಇಂದು ನಾನು ಅದೇ ಗೋವಾವನ್ನು ಘಟ್ಟದ ಕಡೆಯಿಂದ ನೋಡಲು ನಿಮ್ಮನ್ನು ಕರೆಯುತ್ತಿದ್ದೇನೆ. 451 ವರ್ಷ ಆ ಪುಟ್ಟ ನಾಡಿನ ಆಡಳಿತದ ಸಹಿ ಬೀಳುತ್ತಿದ್ದುದು ಲಿಸ್ಬನ್ನಿನಲ್ಲಿ. ಆದರೆ ಅಲ್ಲಿನ ಜನ ಉಣ್ಣುತ್ತಿದ್ದ ಅಕ್ಕಿ, ಉಡುತ್ತಿದ್ದ ಬಟ್ಟೆ, ಮನೆಮಕ್ಕಳು ದುಡಿದು ಕಳಿಸುತ್ತಿದ್ದ ಹಣ ಇವುಗಳಲ್ಲಿ ಬಹುಪಾಲು ಬರುತ್ತಿದ್ದುದು ಗಡಿಯ ಈಚೆಯಿಂದ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಗೋವಾ ಮತ್ತು ಅದರ ನೆರೆಯ ನಡುವೆ ಆದ ಒಪ್ಪಂದಗಳೂ ಆದ ಜಗಳಗಳೂ ಘಟ್ಟದ ದಾರಿಯಲ್ಲಿ ನಡೆಯುವವನನ್ನು ಕೇಳದೆ ಆದವು. ಪ್ರತಿ ಸಲವೂ ಬೆಲೆ ತೆತ್ತವನು ಅವನೇ.

1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಗೋವಾವನ್ನು ಹಿಡಿದದ್ದರ ಹಿಂದೆ ಹೊನ್ನಾವರದ ತಿಮ್ಮಯ್ಯನ ಸಲಹೆಯೂ ಸಹಾಯವೂ ಇತ್ತು. ಅಲ್ಲಿಂದ ಮುಂದೆ ಪೋರ್ಚುಗೀಸರಿಗೂ ವಿಜಯನಗರಕ್ಕೂ ನಂಟು ಬೆಳೆದದ್ದು ಕುದುರೆಯಿಂದ. ಅರಬ್ಬೀ ಕುದುರೆ ವಿಜಯನಗರಕ್ಕೆ ಸಿಗಬೇಕು, ಬಿಜಾಪುರಕ್ಕೆ ಸಿಗಬಾರದು. 1547ರ ಒಪ್ಪಂದದಲ್ಲಿ ಗೋವಾದ ಗವರ್ನರ್ ಜೊವಾವ್ ದೆ ಕಾಸ್ತ್ರೊ ಇದಕ್ಕೆ ಒಪ್ಪಿದ; ಪ್ರತಿಯಾಗಿ ವಿಜಯನಗರದ ಬಟ್ಟೆ ಬಿಜಾಪುರದ ಬಂದರುಗಳಿಗೆ ಹೋಗದೆ ಅಂಕೋಲಾ, ಹೊನ್ನಾವರಗಳಿಗೆ ಇಳಿಯಬೇಕೆಂದಾಯಿತು. ಇದು ದೊಡ್ಡವರ ನಡುವಿನ ವ್ಯವಹಾರ. 1565ರಲ್ಲಿ ವಿಜಯನಗರ ಬಿದ್ದ ನಂತರ ಆ ದೊಡ್ಡ ಗಿರಾಕಿ ಹೋದ. ಉಳಿದದ್ದು ಅಕ್ಕಿ.

ಗೋವಾದ ಗದ್ದೆಗಳು ಗೋವಾದ ಹೊಟ್ಟೆಗೆ ಸಾಲುತ್ತಿರಲಿಲ್ಲ. ಕೋಟೆಗಳ ಸೈನಿಕರು, ಹಡಗಿನ ಆಳುಗಳು, ನಗರದ ಜನ ಎಲ್ಲರಿಗೂ ಅಕ್ಕಿ ಬೇಕಿತ್ತು. ಅದು ಬರುತ್ತಿದ್ದುದು ನಮ್ಮ ಕರಾವಳಿಯಿಂದ, ಬಸರೂರು, ಮಂಗಳೂರು, ಹೊನ್ನಾವರಗಳ ಹಿನ್ನಾಡಿನಿಂದ. 1568 ಮತ್ತು 1569ರಲ್ಲಿ ಪೋರ್ಚುಗೀಸರು ಈ ಮೂರೂ ಕಡೆ ನೆಲೆಯೂರಿ ಕೋಟೆ ಕಟ್ಟಿಕೊಂಡದ್ದನ್ನು ಮೆಣಸಿನ ಆಸೆ ಎಂದಷ್ಟೇ ಬರೆದು ಮುಗಿಸುವ ರೂಢಿ ಇದೆ. ಅಕ್ಕಿಯ ಹೆದರಿಕೆಯೂ ಅದರಲ್ಲಿತ್ತು ಎಂಬುದನ್ನು ಮರೆಯಬಾರದು. ಮೆಣಸು ಬಾರದಿದ್ದರೆ ಲಾಭ ಕೆಡುತ್ತದೆ, ಅಕ್ಕಿ ಬಾರದಿದ್ದರೆ ಕೋಟೆಯೇ ಕೈಬಿಡುತ್ತದೆ.

ಇದನ್ನು ಚೆನ್ನಾಗಿ ಅರಿತಿದ್ದವರು ಕೆಳದಿಯ ಅರಸರು. 1623ರಲ್ಲಿ ಗೋವಾದಿಂದ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಒಂದು ರಾಯಭಾರ ಬಂತು. ಮೆಣಸಿನ ವ್ಯಾಪಾರ, ಮಂಗಳೂರಿನ ಬಂಗ ಅರಸನ ತಕರಾರು ಇವು ಮಾತಿನ ವಿಷಯ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆ ರಾಯಭಾರಿಯ ಜೊತೆಗಿದ್ದ. ಹೊನ್ನಾವರದವರೆಗೆ ಸಮುದ್ರ, ಗೇರುಸೊಪ್ಪೆಯವರೆಗೆ ಹೊಳೆ, ಆಮೇಲೆ ಘಟ್ಟ. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಅಂಕಿ ಬರೆದು, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿದ, ಬರೆದಿಟ್ಟ. ರಾಯಭಾರದ ಫಲಕ್ಕಿಂತ ಆ ಜಗಲಿಯ ಚಿತ್ರ ನನಗೆ ಹೆಚ್ಚು ಬೆಲೆಯದು. ಗೋವಾದ ವೈಸರಾಯ್ ವ್ಯವಹರಿಸುತ್ತಿದ್ದುದು ಲೆಕ್ಕ ಬಲ್ಲ ನಾಡಿನೊಂದಿಗೆ.

ಶಿವಪ್ಪ ನಾಯಕ 1652ರಿಂದ 1654ರೊಳಗೆ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಅಲ್ಲಿಗೆ ಸಂಬಂಧ ಮುರಿಯಿತೇ? ಇಲ್ಲ. 1671ರಲ್ಲಿ ಸೋಮಶೇಖರ ನಾಯಕನೊಂದಿಗೆ, 1678ರಲ್ಲಿ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ ಮತ್ತೆ ಒಪ್ಪಂದಗಳಾದವು. ಮಂಗಳೂರಿನಲ್ಲಿ ಪೋರ್ಚುಗೀಸರು ವ್ಯಾಪಾರದ ಕೋಠಿ ಇಟ್ಟುಕೊಳ್ಳಬಹುದು, ಕ್ರೈಸ್ತರಿಗೆ ಇಗರ್ಜಿ ಇರಬಹುದು, ಅಕ್ಕಿ ಸಾಗಬಹುದು. 1713ರಲ್ಲಿ ಗೋವಾದ ನೌಕಾಪಡೆ ನಮ್ಮ ಬಂದರುಗಳ ಮೇಲೆ ದಾಳಿ ಮಾಡಿತು, ಮರುವರ್ಷವೇ ಮತ್ತೆ ಒಪ್ಪಂದ. ಕೈ ಮಿಲಾಯಿಸುವುದು, ಕೈ ಕುಲುಕುವುದು ಎರಡೂ ನಡೆದೇ ಇದ್ದವು. ಎರಡರ ನಡುವೆ ಅಕ್ಕಿಯ ಮಚವೆಗಳು ಉತ್ತರಕ್ಕೆ ಹೋಗುತ್ತಲೇ ಇದ್ದವು.

ಹೈದರ್, ಟಿಪ್ಪು, ಮರಾಠರ ಕಾಲವನ್ನು ಸಮಯದ ಮಿತಿಯಿಂದ ದಾಟುತ್ತೇನೆ. 1799ರಿಂದ 1813ರವರೆಗೆ ನೆಪೋಲಿಯನ್ನನ ಭಯದ ನೆಪದಲ್ಲಿ ಬ್ರಿಟಿಷ್ ಪಡೆ ಗೋವಾದೊಳಗೇ ಬೀಡುಬಿಟ್ಟಿತ್ತು ಎಂಬುದನ್ನಷ್ಟೇ ನೆನಪಿಡಿ. ಆಮೇಲೆ ಗೋವಾಕ್ಕೆ ಭೂಮಿಯ ಮೇಲೆ ಉಳಿದದ್ದು ಒಬ್ಬನೇ ನೆರೆಯವ, ಬ್ರಿಟಿಷ್ ಇಂಡಿಯಾ. ಸಾಮ್ರಾಜ್ಯದ ಮಗ್ಗುಲಲ್ಲಿ ಮಲಗಿದ ಸಣ್ಣ ವಸಾಹತಿನ ಪಾಡು ಏನು ಎಂಬುದಕ್ಕೆ 1878ರ ಒಪ್ಪಂದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದ್ದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ.

ಬ್ರಿಟಿಷರಿಗೆ ತಲೆನೋವಾಗಿದ್ದುದು ಉಪ್ಪು. ಬ್ರಿಟಿಷ್ ಇಂಡಿಯಾದಲ್ಲಿ ಉಪ್ಪಿನ ಮೇಲೆ ಭಾರೀ ತೆರಿಗೆ. 1882ರಲ್ಲಿ ಇಳಿಸಿದ ಮೇಲೂ ಮಣಕ್ಕೆ 2 ರೂಪಾಯಿ, 1888ರಲ್ಲಿ ಮತ್ತೆ ಎರಡೂವರೆ. ಪಕ್ಕದ ಗೋವಾದಲ್ಲಿ ಉಪ್ಪು ಅಗ್ಗ. ಸಾಸಷ್ಟಿ, ಬಾರ್ದೇಶ, ತಿಸವಾಡಿಗಳ ಖಾಜಣ ಎಂಬ ತಗ್ಗಿನ ಉಪ್ಪುನೀರಿನ ಭೂಮಿಯಲ್ಲಿ ಭರತದ ನೀರನ್ನು ಕಾಲುವೆಯಿಂದ ಉಪ್ಪಿನ ಅಗರಕ್ಕೆ ಬಿಟ್ಟು, ಮಣ್ಣಿನ ಸಣ್ಣ ಬದುಗಳ ನಡುವೆ ಬಿಸಿಲಿಗೆ ಕಾಯಿಸಿ, ಕೆನೆಗಟ್ಟಿದ ಉಪ್ಪನ್ನು ಹಲಗೆಯಿಂದ ಬಳಿದು ಬದುವಿನ ಮೇಲೆ ರಾಶಿ ಹಾಕುತ್ತಾರೆ. ನಮ್ಮ ಸಾಣಿಕಟ್ಟೆಯ ಅಗರ ನೋಡಿದವರಿಗೆ ಇದು ಹೊಸತಲ್ಲ. ಲಂಬಾಣಿಗರ ಎತ್ತಿನ ಹೇರುಗಳು ಈ ಉಪ್ಪನ್ನು ಘಟ್ಟ ಹತ್ತಿಸಿ ಬೆಳಗಾವಿ, ಧಾರವಾಡಗಳ ಸಂತೆಗೆ ಒಯ್ಯುತ್ತಿದ್ದವು; ಬರುವಾಗ ಜೋಳ, ಬೇಳೆ, ಬಟ್ಟೆ ತರುತ್ತಿದ್ದವು. ಕದ್ದೊಯ್ಯುವವರೂ ಇದ್ದರು. ಈ ವ್ಯಾಪಾರ ಬ್ರಿಟಿಷರ ಖಜಾನೆಗೆ ತೂತು ಕೊರೆಯುತ್ತಿತ್ತು.

1878ರ ಡಿಸೆಂಬರ್ 26ರಂದು ಲಿಸ್ಬನ್ನಿನಲ್ಲಿ ಸಹಿ ಬಿತ್ತು. ಬ್ರಿಟಿಷರ ಪರವಾಗಿ ರಾಬರ್ಟ್ ಮೋರಿಯರ್, ಪೋರ್ಚುಗಲ್ಲಿನ ಪರವಾಗಿ ವಿದೇಶಾಂಗ ಮಂತ್ರಿ ಆಂದ್ರಾದೆ ಕೊರ್ವೊ. ಬ್ರಿಟಿಷ್ ಇಂಡಿಯಾ ಮತ್ತು ಪೋರ್ಚುಗೀಸ್ ಇಂಡಿಯಾ ನಡುವಿನ ಸುಂಕದ ಗೋಡೆ ಬಿದ್ದಿತು. ಉಪ್ಪು, ಸಾರಾಯಿ, ಅಫೀಮು ಮಾತ್ರ ಇದಕ್ಕೆ ಹೊರತು. ಗೋವಾದ ಉಪ್ಪು ತಯಾರಿಕೆ ಬ್ರಿಟಿಷ್ ಇಂಡಿಯಾದ ಹಿಡಿತಕ್ಕೆ ಹೋಯಿತು, ತೆರಿಗೆಯೂ ಅಲ್ಲಿನಂತೆಯೇ ಏರಿತು. ಪರಿಹಾರವಾಗಿ ಬ್ರಿಟಿಷ್ ಇಂಡಿಯಾ ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡಬೇಕು. ಮಾರ್ಮಗೋವಾದಲ್ಲಿ ಬಂದರು, ಅಲ್ಲಿಂದ ಘಟ್ಟ ಹತ್ತುವ ರೈಲು ಕಟ್ಟುವುದೂ ಒಪ್ಪಂದದಲ್ಲಿತ್ತು.

ಆ 4 ಲಕ್ಷದ ಗತಿ ನೋಡಿ. ರೈಲು ಕಟ್ಟಿದ್ದು ಲಂಡನ್ನಿನಲ್ಲಿ ಬಂಡವಾಳ ಎತ್ತಿದ ಕಂಪನಿ. ಬಂಡವಾಳಕ್ಕೆ ಇಂತಿಷ್ಟು ಬಡ್ಡಿ ಖಂಡಿತ ಎಂದು ಪೋರ್ಚುಗಲ್ ಸರ್ಕಾರ ಖಾತರಿ ಕೊಟ್ಟಿತ್ತು. ಬ್ರಿಟಿಷ್ ಇಂಡಿಯಾ ಕೊಡುತ್ತಿದ್ದ ಪರಿಹಾರದ ಹಣ ಆ ಖಾತರಿಗೆ ಅಡವಾಯಿತು. ಅಗರದವನು ಕಳೆದುಕೊಂಡದ್ದಕ್ಕೆ ಬಂದ ಪರಿಹಾರ ಅಗರದವನ ಊರಿಗೆ ಬರದೆ ಲಂಡನ್ನಿನ ಷೇರುದಾರನ ಬಡ್ಡಿಗೆ ಹೋಯಿತು. ಇದರಲ್ಲಿ ಮೋಸವಿಲ್ಲ, ಗುಟ್ಟಿಲ್ಲ. ಎಲ್ಲವೂ ಒಪ್ಪಂದದ ಪ್ರಕಾರವೇ ನಡೆಯಿತು. ವಸಾಹತು ಎಂದರೆ ಏನು ಎಂದು ನನ್ನ ವಿದ್ಯಾರ್ಥಿಗಳು ಕೇಳಿದಾಗ ನಾನು ಈ 4 ಲಕ್ಷದ ಕಥೆ ಹೇಳುತ್ತೇನೆ.

ರೈಲು ಮಾತ್ರ ಅದ್ಭುತವಾದದ್ದೇ. 1888ರ ಹೊತ್ತಿಗೆ ಮೀಟರ್‌ಗೇಜ್ ಹಳಿ ಮಾರ್ಮಗೋವಾದಿಂದ ದೂಧಸಾಗರದ ಜಲಪಾತದ ಎದುರಿನಿಂದಲೇ ಹಾದು, 37 ಅಡಿಗೆ ಒಂದು ಅಡಿಯಂತೆ ಏರುತ್ತ, ಕ್ಯಾಸಲ್‌ರಾಕ್ ಮುಟ್ಟಿತು. ಗಡಿಯ ಆ ಬದಿ ಕುಳೆಯಲ್ಲಿ ಪೋರ್ಚುಗೀಸರ ಸುಂಕದ ತಪಾಸಣೆ, ಈ ಬದಿ ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರದು. ಲೋಂಡಾದ ಮೂಲಕ ಹುಬ್ಬಳ್ಳಿ, ಧಾರವಾಡಗಳ ಹತ್ತಿ ಸಮುದ್ರಕ್ಕೆ ಇಳಿಯುವ ಹತ್ತಿರದ ದಾರಿ ಇದಾಗುತ್ತದೆ ಎಂಬ ದೊಡ್ಡ ಆಸೆ ಇತ್ತು. ಆದರೆ ಮಾರ್ಮಗೋವಾ ಮುಂಬೈಗೆ ಎಂದೂ ಸರಿಸಾಟಿಯಾಗಲಿಲ್ಲ. ಹೇರಿನ ಎತ್ತುಗಳು ದಾರಿ ಬಿಟ್ಟವು, ಅಗರಗಳು ಸೊರಗಿದವು. ಗೋವಾದ ಪತ್ರಿಕೆಗಳಲ್ಲಿ, ಪೋರ್ಚುಗಲ್ಲಿನ ಸಂಸತ್ತಿನಲ್ಲಿ ಒಪ್ಪಂದದ ವಿರುದ್ಧ ಕೂಗೆದ್ದಿತು. 12 ವರ್ಷದ ಅವಧಿ ಮುಗಿದ ಮೇಲೆ, 1892ರ ಜನವರಿಯಲ್ಲಿ, ಅದನ್ನು ಯಾರೂ ನವೀಕರಿಸಲಿಲ್ಲ. ಸುಂಕದ ಗೋಡೆ ಮತ್ತೆ ಎದ್ದಿತು.

ಆದರೆ ಹಳಿ ಉಳಿಯಿತು, ಆ ಹಳಿಯ ಮೇಲೆ ಗೋವಾದ ಜನ ಹೊರಟರು. ಮುಂಬೈ, ಕರಾಚಿ, ಪೂರ್ವ ಆಫ್ರಿಕಾ. ಅಡುಗೆಯವರು, ಬಾಣಸಿಗರ ಸಹಾಯಕರು, ಹಡಗಿನ ಆಳುಗಳು, ದರ್ಜಿಗಳು, ಬ್ಯಾಂಡ್ ಬಾರಿಸುವವರು, ಗುಮಾಸ್ತರು. ಮುಂಬೈಯ ಧೋಬಿ ತಲಾವ್, ಮಝಗಾಂವ್‌ಗಳಲ್ಲಿ ಒಂದೊಂದು ಹಳ್ಳಿಯವರು ಒಂದೊಂದು ಕೂಡುಮನೆ ಮಾಡಿಕೊಂಡರು. ಅದಕ್ಕೆ ಅವರು ಕುಡ್ ಎನ್ನುತ್ತಿದ್ದರು. ಗೋಡೆಗೆ ಸಾಲಾಗಿ ಜೋಡಿಸಿದ ಟ್ರಂಕುಗಳು, ಮಧ್ಯೆ ದೇವರ ಪೀಠ, ಸಂಜೆಗೆ ಜಪಸರ, ತಿಂಗಳಿಗೊಮ್ಮೆ ಊರಿಗೆ ಮನಿ ಆರ್ಡರ್. 1950ರ ದಶಕದಲ್ಲಿ ಗೋವಾದ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ಮುಂಬೈ ಒಂದರಲ್ಲೇ ಗೋವಾದವರು ಲಕ್ಷದ ಆಸುಪಾಸು. ಗೋವಾದ ರುಪಿಯಾಕ್ಕೂ ಭಾರತದ ರೂಪಾಯಿಗೂ ಒಂದೇ ಬೆಲೆ. ಕಾಗದದ ಮೇಲೆ ಎರಡು ದೇಶ, ಸಂತೆಯಲ್ಲಿ ಒಂದು.

ಇಂಥ ಗೋವಾದ ಪಕ್ಕದಲ್ಲಿ 1947ರಲ್ಲಿ ಸ್ವತಂತ್ರ ಭಾರತ ಹುಟ್ಟಿತು. ಅದಕ್ಕೆ ಒಂದು ವರ್ಷ ಮೊದಲೇ, 1946ರ ಜೂನ್ 18ರಂದು, ರಾಮಮನೋಹರ ಲೋಹಿಯಾ ಮಡಗಾಂವಿನಲ್ಲಿ ಮಾತಾಡಲು ಎದ್ದು ಬಂಧಿತರಾಗಿದ್ದರು. ಭಾರತ ಲಿಸ್ಬನ್ನಿನಲ್ಲಿ ರಾಯಭಾರ ಕಚೇರಿ ತೆರೆಯಿತು. 1950ರ ಫೆಬ್ರವರಿಯಲ್ಲಿ ಮಾತುಕತೆಗೆ ಕರೆಯಿತು. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್‌ನ ಸರ್ಕಾರ ಮಾತಾಡಲು ಏನೂ ಇಲ್ಲವೆಂದಿತು. ಮರುವರ್ಷ ಸಂವಿಧಾನ ತಿದ್ದಿ, ವಸಾಹತುಗಳನ್ನು ಸಾಗರದಾಚೆಯ ಪ್ರಾಂತ್ಯಗಳೆಂದು ಕರೆದುಕೊಂಡಿತು. ಪ್ರಾಂತ್ಯವಾದರೆ ಅದು ಸ್ವಂತ ನೆಲ, ಸ್ವಂತ ನೆಲದ ಬಗ್ಗೆ ಪರರೊಂದಿಗೆ ಮಾತೇಕೆ ಎಂಬ ತರ್ಕ. 1953ರ ಜೂನ್‌ನಲ್ಲಿ ಭಾರತ ಲಿಸ್ಬನ್ನಿನ ಕಚೇರಿ ಮುಚ್ಚಿತು. 1954ರ ಜುಲೈ, ಆಗಸ್ಟ್‌ನಲ್ಲಿ ದಾದ್ರಾ ಮತ್ತು ನಗರ ಹವೇಲಿಗಳು ಪೋರ್ಚುಗೀಸರ ಕೈತಪ್ಪಿದವು.

1955ರ ಆಗಸ್ಟ್ 15ರಂದು ಸಾವಿರಾರು ಸತ್ಯಾಗ್ರಹಿಗಳು ನಿರಾಯುಧರಾಗಿ ಗಡಿ ದಾಟಿದರು. ಪೋರ್ಚುಗೀಸ್ ಪೊಲೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರ ಕೈಯಲ್ಲಿ ಧ್ವಜಗಳಷ್ಟೇ ಇದ್ದವು. ಇದನ್ನು ಹೇಳುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ. ಭಾರತ ಪಣಜಿಯ ತನ್ನ ಕಾನ್ಸುಲೇಟನ್ನು ಸೆಪ್ಟೆಂಬರ್ 1ರಂದು ಮುಚ್ಚಿತು. ಭಾರತದ ಹಿತವನ್ನು ಗೋವಾದಲ್ಲಿ ಈಜಿಪ್ಟ್, ಪೋರ್ಚುಗಲ್ಲಿನ ಹಿತವನ್ನು ದಿಲ್ಲಿಯಲ್ಲಿ ಬ್ರೆಜಿಲ್ ನೋಡಿಕೊಳ್ಳಬೇಕಾಯಿತು. ಭಾರತದ ದಿಗ್ಬಂಧನದಿಂದ ರೈಲು ನಿಂತಿತು. ಸರಕು ನಿಂತಿತು. ಮನಿ ಆರ್ಡರ್ ನಿಂತಿತು. ಹೋಗಿಬರುವವರಿಗೆ ಪರವಾನಗಿ ಬೇಕಾಯಿತು.

ಆಗ ನಮ್ಮ ರಾಜ್ಯ ಇನ್ನೂ ಆಗಿರಲಿಲ್ಲ. ಬೆಳಗಾವಿ, ಕಾರವಾರ ಎರಡೂ ಮುಂಬೈ ರಾಜ್ಯದಲ್ಲಿದ್ದವು. ದಿಗ್ಬಂಧನದ ಬಿಸಿ ತಟ್ಟಿದ್ದು ಮಾತ್ರ ಇಲ್ಲಿಯ ಮನೆಗಳಿಗೆ. ಮಾಜಾಳಿಯ ಮನೆಯ ಮಗಳನ್ನು ಕಾಣಕೋಣಕ್ಕೆ ಕೊಟ್ಟಿರುವುದು, ಅಲ್ಲಿಂದ ಸೊಸೆ ತರುವುದು ನಿತ್ಯದ ಮಾತು. ಕಾರವಾರ, ಕುಮಟಾ, ಮಂಗಳೂರಿನ ಎಷ್ಟೋ ಕೊಂಕಣಿ ಮನೆತನಗಳ ಕುಲದೇವರು ಮಂಗೇಶಿಯಲ್ಲಿ, ಕವಳೆಯ ಶಾಂತಾದುರ್ಗೆಯಲ್ಲಿ. ಮದುವೆಯಾದ ಮೇಲೆ ಕುಲದೇವರಿಗೆ ಹೋಗಿ ಹರಕೆ ಒಪ್ಪಿಸಬೇಕು. ಪರವಾನಗಿ ಸಿಗದವರು ತೆಂಗಿನಕಾಯಿ ಎತ್ತಿಟ್ಟು ಕಾಯಬೇಕಾಯಿತು. ಮುಂಬೈಯ ಕುಡ್‌ನಲ್ಲಿ ದುಡಿಯುವವನಿಗೆ ಕೈಯಲ್ಲಿ ಹಣವಿದೆ, ಸಾಸಷ್ಟಿಯ ತಾಯಿಗೆ ಕಳಿಸುವ ದಾರಿಯಿಲ್ಲ.

ಸಲಜಾರ್ ಮಣಿದನೇ? ಇಲ್ಲಿಯೇ ನನ್ನ ತೀರ್ಪು ಕಠಿಣವಾಗುತ್ತದೆ. ದಿಗ್ಬಂಧನ ನ್ಯಾಯದ ಸಿಟ್ಟಿನಿಂದ ಹುಟ್ಟಿದ್ದು, ಗುರಿ ಮಾತ್ರ ತಪ್ಪಿತ್ತು. ನೆರೆಯವನಿಲ್ಲದೆ ಗೋವಾ ಬದುಕಲಾರದು ಎಂಬ ಲೆಕ್ಕ ಕೆಳದಿಯ ಕಾಲಕ್ಕೆ ಸರಿ, 1955ಕ್ಕೆ ಅಲ್ಲ. ಗೋವಾದ ಗುಡ್ಡಗಳಲ್ಲಿ ಕಬ್ಬಿಣದ ಅದಿರಿತ್ತು. ಯುದ್ಧದಲ್ಲಿ ಸುಟ್ಟುಹೋಗಿದ್ದ ಜಪಾನಿನ ಉಕ್ಕಿನ ಕುಲುಮೆಗಳಿಗೆ ಅದು ಬೇಕಿತ್ತು. ಡಿಚೋಲಿ, ಸಾಂಗೆಗಳ ಗಣಿಗಳಿಂದ ಬಾರ್ಜುಗಳು ಮಾಂಡವಿ, ಜುವಾರಿ ಹೊಳೆಗಳಲ್ಲಿ ಇಳಿದು ಮಾರ್ಮಗೋವಾಕ್ಕೆ ಬಂದವು. 1961ರ ಹೊತ್ತಿಗೆ ವರ್ಷದ ರಫ್ತು 60 ಲಕ್ಷ ಟನ್ ದಾಟಿತ್ತು. ಆ ಹಣದಲ್ಲಿ ಆಲೂಗಡ್ಡೆ ಹಾಲೆಂಡಿನಿಂದ, ಸಿಮೆಂಟು ಜಪಾನಿನಿಂದ, ಚಹಾ ಸಿಲೋನಿನಿಂದ, ಅಕ್ಕಿ, ತರಕಾರಿ ಪಾಕಿಸ್ತಾನದಿಂದ ಬಂತು. 1955ರಲ್ಲೇ ದಾಬೋಳಿಯಲ್ಲಿ ವಿಮಾನ ನಿಲ್ದಾಣ ಎದ್ದಿತು, ಕರಾಚಿಗೆ ವಿಮಾನ ಹಾರಿತು. 1959ರಲ್ಲಿ ರುಪಿಯಾ ಹೋಗಿ ಎಸ್ಕುಡೊ ಬಂತು. ವಿದೇಶಿ ಗಡಿಯಾರ, ಬಂಗಾರ, ಸ್ಕಾಚು ಗೋವಾದ ಅಂಗಡಿಗಳಲ್ಲಿ ಅಗ್ಗವಾಗಿ, ಅಲ್ಲಿಂದ ರಾತ್ರೋರಾತ್ರಿ ಘಟ್ಟ ಹತ್ತಿ ಈ ಕಡೆ ಬರತೊಡಗಿದವು. ಗಣಿಯ ಒಡೆಯನಿಗೆ ಸುಗ್ಗಿ, ಸರ್ಕಾರಕ್ಕೆ ಆದಾಯ, ಕಳ್ಳಸಾಗಣೆದಾರನಿಗೆ ಹಬ್ಬ. ಮನಿ ಆರ್ಡರ್ ಕಾಯುವ ತಾಯಿಗೆ ಏನೂ ಇಲ್ಲ. ದಿಗ್ಬಂಧನ ಹಾಕುವಾಗ ಯಾರು ಹಸಿಯುತ್ತಾರೆ ಎಂಬ ಪ್ರಶ್ನೆಯನ್ನು ದಿಲ್ಲಿ ಇನ್ನೂ ಗಟ್ಟಿಯಾಗಿ ಕೇಳಿಕೊಳ್ಳಬೇಕಿತ್ತು.

ಅತ್ತ ಕಾನೂನಿನ ಜಗಳ ಹೇಗ್‌ನಲ್ಲಿ. ದಮನ್‌ನಿಂದ ದಾದ್ರಾ, ನಗರ ಹವೇಲಿಗೆ ಹೋಗುವ ದಾರಿಯನ್ನು ಭಾರತ ಮುಚ್ಚಿದೆ ಎಂದು ಪೋರ್ಚುಗಲ್ 1955ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಪೇಶ್ವೆಯ ಕಾಲದ 1779ರ ಒಪ್ಪಂದವನ್ನು ಮುಂದಿಟ್ಟಿತು. 1960ರ ಏಪ್ರಿಲ್ 12ರ ತೀರ್ಪು ಹೀಗಿದೆ: ಮರಾಠರು ಕೊಟ್ಟದ್ದು ಹಳ್ಳಿಗಳ ಕಂದಾಯ, ಒಡೆತನವಲ್ಲ, ಆದರೆ ಬ್ರಿಟಿಷರ ಕಾಲದಿಂದ ಬೆಳೆದ ರೂಢಿಯಿಂದ ಖಾಸಗಿ ಜನ, ಸಿವಿಲ್ ಅಧಿಕಾರಿಗಳು, ಸಾಮಾನ್ಯ ಸರಕಿಗೆ ಹಾದುಹೋಗುವ ಹಕ್ಕು ಇದೆ. ಸೈನ್ಯಕ್ಕೆ, ಸಶಸ್ತ್ರ ಪೊಲೀಸರಿಗೆ, ಶಸ್ತ್ರಾಸ್ತ್ರಕ್ಕೆ ಇಲ್ಲ. ಭಾರತ ತನ್ನ ಕರ್ತವ್ಯ ಮೀರಿಲ್ಲ. ಭಾರತದ ಪರವಾಗಿ ಪೀಠದಲ್ಲಿ ಕೂತಿದ್ದ ಎಂ.ಸಿ. ಛಾಗ್ಲಾ ಅವರು ಭಿನ್ನಮತ ಬರೆದರು. ಈ ತೀರ್ಪಿನಲ್ಲಿ ನನಗೆ ಕಾಣುವ ದೊಡ್ಡ ಮಾತು ಬೇರೆ. ಒಪ್ಪಂದದ ಕಾಗದ ಸೋತಲ್ಲಿ ದಿನನಿತ್ಯ ನಡೆದಾಡಿದ ಸಾಮಾನ್ಯರ ರೂಢಿ ಗೆದ್ದಿತು. ನ್ಯಾಯಾಲಯ ಹಕ್ಕು ಎಂದು ಗುರುತಿಸಿದ್ದು ಅದನ್ನೇ.

ಅದೇ ವರ್ಷ ಡಿಸೆಂಬರ್ 15ರಂದು ವಿಶ್ವಸಂಸ್ಥೆಯ ಮಹಾಸಭೆ ಗೋವಾ ಸೇರಿ ಪೋರ್ಚುಗೀಸ್ ಪ್ರದೇಶಗಳೆಲ್ಲ ಸ್ವಯಮಾಡಳಿತವಿಲ್ಲದ ಪ್ರದೇಶಗಳೆಂದು ಘೋಷಿಸಿತು. ಪ್ರಾಂತ್ಯವೆಂಬ ವೇಷ ಕಳಚಿತು.

ಕೊನೆಯ ಅಂಕ ಶುರುವಾದದ್ದು ನಮ್ಮ ಕಾರವಾರದ ಎದುರಿನಲ್ಲೇ. ಅಂಜದೀವ ದ್ವೀಪ ಕಾರವಾರದ ದಂಡೆಯಿಂದ ಕಣ್ಣಿಗೆ ಕಾಣುತ್ತದೆ. ಅದು ಗೋವಾಕ್ಕೆ ಸೇರಿತ್ತು. 1961ರ ನವೆಂಬರ್ 17ರಂದು ಅಲ್ಲಿಂದ ಸಬರಮತಿ ಎಂಬ ಪ್ರಯಾಣಿಕ ಹಡಗಿನ ಮೇಲೆ ಗುಂಡು ಬಿತ್ತು. ಅದೇ ತಿಂಗಳು ಒಬ್ಬ ಮೀನುಗಾರನೂ ಸತ್ತ. ಡಿಸೆಂಬರ್ 18ರ ಬೆಳಗಿಗೆ ಮೇಜರ್ ಜನರಲ್ ಕ್ಯಾಂಡೆತ್ ಅವರ ಭಾರತೀಯ ಪಡೆ ಗಡಿ ದಾಟಿತು. ಬೆಳಗಾವಿ ಆ ಕಾರ್ಯಾಚರಣೆಯ ನೆಲೆ. ಅಂಜದೀವದಲ್ಲಿ ಇಳಿದ ನೌಕಾಪಡೆಯ 7 ಜನ ಜೀವ ಕೊಟ್ಟರು. 19ರ ಸಂಜೆಗೆ ಗವರ್ನರ್ ಜನರಲ್ ವಸಾಲು ಇ ಸಿಲ್ವ ಶರಣಾದ. ಕೊನೆಯವನ ತನಕ ಹೋರಾಡಿ ಸಾಯಿರಿ ಎಂದು ಸಲಜಾರ್ ಆದೇಶಿಸಿದ್ದ. ಆ ಆದೇಶವನ್ನು ಪಾಲಿಸದೆ ಗೋವಾವನ್ನೂ ತನ್ನ ಸಿಪಾಯಿಗಳನ್ನೂ ಉಳಿಸಿದ ಆ ಮನುಷ್ಯನಿಗೆ ನಾವು ಕೃತಜ್ಞರಾಗಿರಬೇಕು. ಅವನ ಸರ್ಕಾರ ಅವನನ್ನು ಸೈನ್ಯದಿಂದ ಹೊರಹಾಕಿತು.

ಪೋರ್ಚುಗಲ್ ಈ ವಿಲೀನವನ್ನು ಒಪ್ಪಿದ್ದು 1974ರ ಕೊನೆಯಲ್ಲಿ, ಅಲ್ಲಿ ಸರ್ವಾಧಿಕಾರ ಬಿದ್ದ ಮೇಲೆ. ಆರ್ಥಿಕ ಲೆಕ್ಕ ತೀರಲು ಇನ್ನೂ ತಡವಾಯಿತು. ಗೋವಾದ ಸಾಮಾನ್ಯ ಜನ ಪಣಜಿಯ ಬಾಂಕು ನಾಸಿಯೊನಾಲ್ ಉಲ್ತ್ರಮಾರಿನೂದಲ್ಲಿ ಸಾಲಕ್ಕಾಗಿ ಒಡವೆ ಅಡವಿಟ್ಟಿದ್ದರು. ಭಾರತದ ಪಡೆ ಬರುವ ಮುಂಚೆ ಬ್ಯಾಂಕು ಆ ಚಿನ್ನವನ್ನು ಲಿಸ್ಬನ್ನಿಗೆ ಸಾಗಿಸಿತು. ಬಳೆ, ಸರ, ಕಿವಿಯೋಲೆ, ಮದುವೆಯಲ್ಲಿ ತವರಿಂದ ಬಂದದ್ದು. ಅವು ಭಾರತಕ್ಕೆ ಮರಳಿದ್ದು 1991ರಲ್ಲಿ, 30 ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಅಡವಿಟ್ಟವರಲ್ಲಿ ಎಷ್ಟೋ ಜನ ಇರಲಿಲ್ಲ. ಅವರ ಮಕ್ಕಳು ಬಂದು ಬಿಡಿಸಿಕೊಂಡರು.

ಈಗ ನಿಮ್ಮಲ್ಲಿ, ವಿಶೇಷವಾಗಿ ವಿದ್ಯಾರ್ಥಿಗಳಲ್ಲಿ, ಎರಡು ಬಿನ್ನಹ. ಪಣಜಿಯ ಪತ್ರಾಗಾರದಲ್ಲಿ ನೆರೆಯ ರಾಜರೊಡನೆ ನಡೆದ ವ್ಯವಹಾರದ ಸಂಪುಟಗಳಿವೆ. ಕೆಳದಿ, ಸೋಂದಾ, ಬಿಜಾಪುರ ಎಲ್ಲರೂ ಅಲ್ಲಿದ್ದಾರೆ. ಪಾಂಡುರಂಗ ಪಿಸುರ್ಲೆಂಕರರು ಆ ಕಾಗದಗಳ ನಡುವೆ ಬದುಕನ್ನೇ ಸವೆಸಿದರು; ಬಿ.ಎಸ್. ಶಾಸ್ತ್ರಿಯವರು ಗೋವಾ ಮತ್ತು ಕೆನರಾ ಸಂಬಂಧವನ್ನು ಅಲ್ಲಿಂದಲೇ ಬರೆದರು. ಅವರ ನಂತರ ನಮ್ಮ ಕಡೆಯಿಂದ ಹೋದವರು ಬೆರಳೆಣಿಕೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪೋರ್ಚುಗೀಸ್ ಕಲಿಸುವ ಏರ್ಪಾಟು ಆಗಬೇಕು, ನೀವು ಅದನ್ನು ಕಲಿಯಬೇಕು. ಎರಡನೆಯದಕ್ಕೆ ಕಾಲ ಕಡಿಮೆ. 1955ರಲ್ಲಿ ಹದಿನೈದರ ಹುಡುಗರಾಗಿದ್ದವರು ಇಂದು ಎಂಬತ್ತೈದರ ಮೇಲಿದ್ದಾರೆ. ಮಾಜಾಳಿ, ಕ್ಯಾಸಲ್‌ರಾಕ್, ಲೋಂಡಾ, ಖಾನಾಪುರ, ಜೋಯಿಡಾಗಳಲ್ಲಿ ಅವರಿನ್ನೂ ಇದ್ದಾರೆ. ಈ ಬೇಸಿಗೆ ರಜೆಯಲ್ಲೇ ಹೋಗಿ, ಅವರ ಮಾತನ್ನು ಧ್ವನಿಮುದ್ರಿಸಿಕೊಂಡು ಬನ್ನಿ.